ಓದುವ ಕೈಲಾಸಂ, ಕೇಳುವ ಕೈಲಾಸಂ

ಮಂಡ್ಯದ ಬಳಿಯ ಕೆರಗೋಡಿನಿಂದ ವಾಚಕರೊಬ್ಬರು ಕಾಗದ ಬರೆದಿದ್ದಾರೆ. ಅವರ ಊರಿನ ಹುಡುಗರು ಶಾಲೆಯ ವಾರ್ಷಿಕೋತ್ಸವಕ್ಕೆ ಟಿ. ಪಿ. ಕೈಲಾಸಂ ಅವರ 'ಟೊಳ್ಳುಗಟ್ಟಿ' ನಾಟಕವನ್ನು ಆಡಬೇಕೆಂದು ಹಟ ಹಿಡಿದಿದ್ದಾರಂತೆ. ಆಡಿಸುವ ಹೊಣೆ ಇವರ ತಲೆಯ ಮೇಲೆ ಬಿದ್ದಿದೆ. ಪುಸ್ತಕ ತೆರೆದು ನೋಡಿದರೆ ಪುಟ ಪುಟಕ್ಕೂ ಇಂಗ್ಲಿಷು. ಕನ್ನಡವೆಂದು ಇರುವುದೂ ಅರ್ಧ ನುಂಗಿದ ಕನ್ನಡ. "ಇದನ್ನೆಲ್ಲ ತಿದ್ದಿ, ಶುದ್ಧವಾದ ಕನ್ನಡದಲ್ಲಿ ಬರೆದುಕೊಂಡು ಆಡಿಸಬಹುದೆ? ನಮ್ಮ ಕಡೆಯ ಜನಕ್ಕೆ ಇದು ಹಿಡಿಸೀತೆ?" ಎಂದು ಕೇಳಿದ್ದಾರೆ.

ಪ್ರಶ್ನೆ ಸಾಧುವಾದದ್ದೇ. ಕೆರಗೋಡು, ಮದ್ದೂರು, ಮಳವಳ್ಳಿಗಳ ಸೀಮೆಯೆಂದರೆ 'ಕುರುಕ್ಷೇತ್ರ'ದ ಸೀಮೆ. ಹಬ್ಬ ಬಂದಿತೆಂದರೆ ಊರ ಮುಂದೆ ರಂಗಮಂಟಪ ಏಳುತ್ತದೆ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ತಾಲೀಮು ಮಾಡಿಸಿರುತ್ತಾರೆ. ದುರ್ಯೋಧನನಾಗುವ ಮಹಾನುಭಾವ ಆ ಪಾತ್ರಕ್ಕೆಂದು ತನ್ನ ಕೈಯಿಂದಲೇ ಹಣ ಕಟ್ಟಿರುತ್ತಾನೆ. ಕೋಳಿ ಕೂಗುವವರೆಗೂ ಕಿರೀಟಗಳು ಮಿಂಚುತ್ತವೆ, ಗದೆಗಳು ತಿರುಗುತ್ತವೆ, ಒಂದೊಂದು ಪದ್ಯಕ್ಕೂ 'ಒನ್ಸ್ ಮೋರ್' ಬೀಳುತ್ತದೆ. ಈ ರುಚಿ ಹತ್ತಿದ ಸಭೆಯ ಮುಂದೆ ಒಂದು ಸಂಸಾರದ ನಡುಮನೆಯ ಮಾತುಕತೆಯನ್ನು ತಂದು ನಿಲ್ಲಿಸುವುದು ಧೈರ್ಯದ ಕೆಲಸವೇ ಸರಿ.

ಆದರೂ ನನ್ನ ಉತ್ತರ ಒಂದೇ: ತಿದ್ದಬೇಡಿ. ಏಕೆಂಬುದನ್ನು ಹೇಳಬೇಕಾದರೆ ಆ ಮನುಷ್ಯನ ಕಥೆಯನ್ನೇ ಸ್ವಲ್ಪ ಹೇಳಬೇಕಾಗುತ್ತದೆ.

ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು 1884ರ ಜುಲೈ 29ರಂದು. ಗುಬ್ಬಿಯಲ್ಲಿ ಮುಂದೆ ಕನ್ನಡ ನಾಡನ್ನೆಲ್ಲ ಆಳಿದ ನಾಟಕ ಕಂಪನಿ ಹುಟ್ಟಿಕೊಂಡದ್ದೂ ಅದೇ 1884ರಲ್ಲಿ. ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು. ದೊಡ್ಡಪ್ಪ ಚಿಕ್ಕಪ್ಪಂದಿರ ಸಾಲಿನಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಸದಾಶಿವ ಅಯ್ಯರ್ ಇದ್ದರು. ತಂದೆಯವರೂ ಸಾಮಾನ್ಯ ಆಸಾಮಿಯಲ್ಲ. ಋಗ್ವೇದವನ್ನು ಭೂವಿಜ್ಞಾನದ ಕಣ್ಣಿನಿಂದ ಓದಿ 1911ರಲ್ಲಿ ಒಂದು ಇಂಗ್ಲಿಷ್ ಗ್ರಂಥ ಬರೆದರು. ಆಮೇಲೆ 1940ರಲ್ಲಿ, ರಾವಣನ ಲಂಕೆ ಇದ್ದದ್ದು ಸಮುದ್ರದಾಚೆಗಲ್ಲ, ಮಧ್ಯಭಾರತದಲ್ಲಿ ಎಂದು ವಾದಿಸಿ ಇನ್ನೊಂದನ್ನು ಬರೆದರು. ಒಪ್ಪಿದ ಮಾತನ್ನು ತಿರುವಿ ಹಾಕುವ ಚಾಳಿ ಮಗನಿಗೆ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಾಗಿಲ್ಲ.

ಮಗನನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಭೂವಿಜ್ಞಾನ ಕಲಿಯಲು ಕಳುಹಿಸಿದರು. ಅಲ್ಲಿಂದ ಮೈಸೂರು ಸರಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದ್ದಾಯಿತು. 1915ರಲ್ಲಿ ಹಿಂದಿರುಗಿ ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಅಧಿಕಾರಿಯೂ ಆದರು. ಕೈತುಂಬ ಸಂಬಳ, ಓಡಾಡಲು ಊರೂರು, ಬಡ್ತಿಗೆ ದಾರಿ. ಬೇರೆಯವರಾಗಿದ್ದರೆ ಪೆನ್ಷನ್ ಬರುವವರೆಗೂ ಬಂಡೆಗಳನ್ನು ಕುಟ್ಟಿಕೊಂಡಿರುತ್ತಿದ್ದರು. ಇವರು ಕೆಲವೇ ವರ್ಷಗಳಲ್ಲಿ ರಾಜೀನಾಮೆ ಕೊಟ್ಟು ಹೊರಬಿದ್ದರು. ಅಂದಿನ ಬೆಂಗಳೂರಿನ ಹಿರಿಯರು ಇದನ್ನು ಹೇಗೆ ತೆಗೆದುಕೊಂಡಿರಬಹುದೆಂದು ಗಂಡುಮಕ್ಕಳಿರುವ ಯಾವ ತಂದೆಯೂ ಊಹಿಸಿಕೊಳ್ಳಬಲ್ಲ.

ಲಂಡನ್ನಿನಲ್ಲಿ ಅವರು ಕಲಿತುಬಂದದ್ದು ಬರೀ ಭೂವಿಜ್ಞಾನವಲ್ಲ. ಆ ಕಾಲದ ಲಂಡನ್ನಿನಲ್ಲಿ 'ಮ್ಯೂಸಿಕ್ ಹಾಲ್' ಎಂಬ ವಿನೋದಶಾಲೆಗಳು ಬಲು ಜನಪ್ರಿಯವಾಗಿದ್ದವು. ಒಬ್ಬನೇ ನಟ, ಅಥವಾ ಒಬ್ಬಳೇ ನಟಿ, ಸಭೆಯೆದುರು ಬಂದು ನಿಲ್ಲುವುದು. ಒಂದು ವೇಷ, ಒಂದು ದನಿ, ಒಂದು ಹಾಡು. ನಡುನಡುವೆ ಪ್ರೇಕ್ಷಕರೊಡನೆ ಹರಟೆ. ಪಲ್ಲವಿ ಬಂದಾಗ ಇಡೀ ಸಭೆಯೇ ದನಿಗೂಡಿಸುವುದು. ಹ್ಯಾರಿ ಲಾಡರ್, ಮೇರಿ ಲಾಯ್ಡ್ ಮೊದಲಾದವರು ಅಲ್ಲಿ ಮೆರೆದವರು. ಅವರು ಆಡಿಕೊಳ್ಳುತ್ತಿದ್ದದ್ದು ರಾಜಮಹಾರಾಜರನ್ನಲ್ಲ. ಬಾಡಿಗೆ ಕಟ್ಟಲಾರದ ಗುಮಾಸ್ತನನ್ನು, ಜೋರುಮಾತಿನ ಅತ್ತೆಯನ್ನು, ಸುಮ್ಮನೆ ಬಡಾಯಿ ಕೊಚ್ಚುವ ಅಳಿಯನನ್ನು. 1912ರಲ್ಲಿ ಜ್ಯಾಕ್ ಜಡ್ಜ್ ಎಂಬಾತ ಇಂಥದೇ ರಂಗಕ್ಕಾಗಿ ಟಿಪ್ಪರರಿ ಎಂಬ ಐರಿಷ್ ಊರನ್ನು ನೆನೆಯುವ ಹಾಡೊಂದನ್ನು ಕಟ್ಟಿದ. ಎರಡು ವರ್ಷಗಳ ತರುವಾಯ ಮಹಾಯುದ್ಧ ಬಂದು ಅದು ಸೈನಿಕರ ಬಾಯಲ್ಲೆಲ್ಲ ಹರಿದಾಡಿತು. ಕೈಲಾಸಂ ಅದರ ಮಟ್ಟನ್ನು ಹಿಡಿದುತಂದು ಟಿಪ್ಪರರಿಯನ್ನು ನಮ್ಮ 'ತಿಪ್ಪಾರಹಳ್ಳಿ'ಯಾಗಿಸಿದರು. ಮುಂದೆ ಕಾನ್‌ಸ್ಟಾಂಟಿನೋಪಲ್ ಎಂಬ ಉದ್ದ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹಾಡುವ ಇನ್ನೊಂದು ಆಂಗ್ಲ ಹಾಡಿನ ಮಟ್ಟಿಗೆ 'ಕೋಳೀಕೆ ರಂಗ' ಹುಟ್ಟಿದ. ಹಳ್ಳಿಯ ಗಂಡು ತನ್ನ ಹೆಸರನ್ನು ಅದೇ ರೀತಿ ಬಿಡಿಸಿ, ಬಿಡಿಸಿ, ಪಟ್ಟಣದವರ ಮುಖಕ್ಕೆ ಹಿಡಿಯುತ್ತಾನೆ. ಆ ಹಾಡನ್ನು ಅಚ್ಚಿನಲ್ಲಿ ನೋಡಿದವರಿಗೆ ಅದು ಅರೆಹುಚ್ಚಿನಂತೆ ತೋರೀತು. ಯಾರಾದರೂ ಒಮ್ಮೆ ಹಾಡಿಬಿಟ್ಟರೆ ಮನೆಯ ಮಕ್ಕಳು ವಾರವಿಡೀ ಬಿಡುವುದಿಲ್ಲ.

ಅವರು ಲಂಡನ್ನಿನಲ್ಲಿದ್ದ ಕಾಲದಲ್ಲಿಯೇ, 1914ರಲ್ಲಿ, ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ಅಲ್ಲಿನ ರಂಗಕ್ಕೆ ಬಂದಿತು. ಹೂ ಮಾರುವ ಹುಡುಗಿಯ ಉಚ್ಚಾರಣೆಯನ್ನು ತಿದ್ದಿಬಿಟ್ಟರೆ ಅವಳು ಸರದಾರರ ಮನೆತನದವಳೆಂದೇ ನಡೆದುಬಿಡುತ್ತಾಳೆ ಎಂಬುದು ಅದರ ಕಥಾವಸ್ತು. ಕೈಲಾಸಂ ಅದನ್ನು ನೋಡಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಮನುಷ್ಯನ ಕುಲಗೋತ್ರವೆಲ್ಲ ಅವನ ನಾಲಗೆಯ ಮೇಲಿದೆ ಎಂಬ ತಿಳಿವು ಇಬ್ಬರಿಗೂ ಇತ್ತು.

ಹೀಗೆ ಕಿವಿ ಪಳಗಿಸಿಕೊಂಡು ಬಂದವರು ಇಲ್ಲಿ ಕಂಡದ್ದೇನು? ಕಂಪನಿ ನಾಟಕಗಳ ವೈಭವ. ಎ. ವಿ. ವರದಾಚಾರ್ಯರ ಸಂಗೀತಕ್ಕೆ ಜನ ಮುಗಿಬೀಳುತ್ತಿದ್ದರು. ಗುಬ್ಬಿ ವೀರಣ್ಣನವರು 'ಸದಾರಮೆ'ಯ ಕಳ್ಳನಾಗಿ ಬಂದರೆಂದರೆ ನಗೆಯ ಹೊಳೆ. ಅದನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ; ಕನ್ನಡಕ್ಕೆ ಅಷ್ಟು ದೊಡ್ಡ ಪ್ರೇಕ್ಷಕವರ್ಗವನ್ನು ಕಟ್ಟಿಕೊಟ್ಟವರು ಅವರೇ. ಆದರೆ ಆ ನಾಟಕಗಳಲ್ಲಿ ರಾಜ, ಮಂತ್ರಿ, ಋಷಿ, ಕಳ್ಳ ಎಲ್ಲರೂ ಇದ್ದರು; ಟಿಕೀಟು ಕೊಂಡು ಕುಳಿತಿದ್ದ ವಕೀಲ, ಹೆಡ್ ಗುಮಾಸ್ತ, ಅವರ ಹೆಂಡಿರು ಮಕ್ಕಳು ಮಾತ್ರ ಇರಲಿಲ್ಲ. ಕೈಲಾಸಂ ಅವರನ್ನು ಕುರ್ಚಿಯಿಂದೆಬ್ಬಿಸಿ ರಂಗದ ಮೇಲಕ್ಕೆ ಕರೆದುಕೊಂಡು ಹೋದರು. ಅದಕ್ಕೆ ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ್ದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್‌ನಂಥ ಹವ್ಯಾಸಿಗಳ ಕೂಟ ನೆರವಾಯಿತು. ಕಚೇರಿ ಮುಗಿಸಿ ಬಂದು ಬಣ್ಣ ಹಚ್ಚುವವರು ಕಚೇರಿಯವರ ಪಾತ್ರವನ್ನು ಆಡುವುದಕ್ಕೆ ಹೆಚ್ಚು ತಾಲೀಮು ಬೇಕಾಗಿರಲಿಲ್ಲ.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. ಕೈಲಾಸಂ ಕುಳಿತು ಬರೆಯುವ ಜಾತಿಯವರಲ್ಲ. ಹೇಳುವ ಜಾತಿಯವರು. ಸುತ್ತ ಸ್ನೇಹಿತರು ಕುಳಿತಿರಬೇಕು, ಬೆರಳ ನಡುವೆ ಸಿಗರೇಟು ಉರಿಯುತ್ತಿರಬೇಕು, ಆಗ ಮಾತು ಹೊರಡುತ್ತಿತ್ತು. ಗಂಡ, ಹೆಂಡತಿ, ಅತ್ತೆ, ಮನೆಯಾಳು ಬೋರ, ಎಲ್ಲರೂ ಅವರೊಬ್ಬರ ಗಂಟಲಿನಿಂದಲೇ ಬಂದು ಜಗಳವಾಡಿ ಹೋಗುತ್ತಿದ್ದರು. ಬಳಿಯಲ್ಲಿದ್ದ ಯಾರೋ ಬರೆದುಕೊಳ್ಳುತ್ತಿದ್ದರು. ನಟನೊಬ್ಬ ನಾಟಕಕಾರನಾದ ಬಗೆ ಇದು. ನಾವು ಕೈಯಲ್ಲಿ ಹಿಡಿಯುವ ಪುಸ್ತಕ ಆ ಆಟದ ಗುರುತು ಮಾತ್ರ. ಸಂಗೀತಗಾರನ ಮನೆಯಲ್ಲಿ ಸ್ವರ ಬರೆದಿಟ್ಟ ಹಾಳೆಯಿದ್ದಂತೆ. ಆ ಹಾಳೆಯನ್ನು ನೋಡಿ "ರಾಗ ಎಲ್ಲಿ?" ಎಂದು ಕೇಳಿದರೆ ಯಾರು ಉತ್ತರ ಹೇಳಬೇಕು?

ಹೆಸರುಗಳನ್ನೇ ನೋಡಿ: 'ಬಂಡ್ವಾಳ್ವಿಲ್ಲದ್ ಬಡಾಯಿ', 'ತಾಳಿ ಕಟ್ಟೋಕ್ಕೂಲೀನೇ'. ಕಣ್ಣು ಈ ಒತ್ತಕ್ಷರಗಳ ಮೇಲೆ ಎಡವುತ್ತದೆ. ನಮ್ಮ ಲಿಪಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಸ್ವರ ಅಂಟಿಕೊಂಡಿರುತ್ತದೆ. ಆದರೆ ಮೈಸೂರು ಕಡೆಯ ಮನೆಮಾತಿನಲ್ಲಿ ಆ ಸ್ವರಗಳಲ್ಲಿ ಅರ್ಧ ಹೊಟ್ಟೆಗೇ ಹೋಗುತ್ತವೆ. ನುಂಗಿದ್ದನ್ನು ಅಚ್ಚುಹಾಕುವುದು ಹೇಗೆ? ವ್ಯಂಜನದ ಮೇಲೆ ವ್ಯಂಜನ ಪೇರಿಸಬೇಕು. ಅದನ್ನೇ ಗಟ್ಟಿಯಾಗಿ, ಸ್ವಲ್ಪ ಬೇಗನೆ, ಹೆಂಡತಿಯೊಡನೆ ಮಾತನಾಡುವಂತೆ ಓದಿಬಿಡಿ; ಎಡವಟ್ಟೆಲ್ಲ ಮಾಯವಾಗಿ ನಮ್ಮ ಪಕ್ಕದ ಮನೆಯವರು ಮಾತನಾಡಿದಂತೆಯೇ ಕೇಳುತ್ತದೆ.

ಇಂಗ್ಲಿಷಿನ ಬೆರಕೆಗೂ ಇದೇ ಮಾತು. ಯಾರು ಎಷ್ಟು ಬೆರೆಸುತ್ತಾರೆ ಎಂಬುದರಲ್ಲಿಯೇ ಕೈಲಾಸಂ ಆ ಪಾತ್ರದ ಜಾತಕ ಬರೆದಿಟ್ಟಿದ್ದಾರೆ. ಕಕ್ಷಿಗಾರರಿಲ್ಲದ ವಕೀಲನಿಗೆ ಇಂಗ್ಲಿಷು ಕರೀ ಕೋಟಿನಂತೆ. ಅದನ್ನು ತೊಡದೆ ಅವನು ಹೊರಗೆ ಬರಲಾರ. ಮಡಿಯಲ್ಲಿರುವ ಮುದುಕಿಗೆ ಅದು ಅರ್ಥವಾಗದು, ಆದರೂ ಮಗ ಅದನ್ನಾಡುತ್ತಾನೆಂಬ ಹೆಮ್ಮೆ. ಬೋರನ ಬಾಯಲ್ಲಿ ಅದೇ ಮಾತು ಮುರಿದು, ತಿರುಚಿ, ಹೊಸದೊಂದು ಅರ್ಥವನ್ನು ಹೊತ್ತು ಬರುತ್ತದೆ. ಎಷ್ಟೋ ವೇಳೆ ಯಜಮಾನನ ಇಂಗ್ಲಿಷಿಗಿಂತ ಆಳಿನ ಇಂಗ್ಲಿಷೇ ಸತ್ಯಕ್ಕೆ ಹತ್ತಿರ. ಇದನ್ನೆಲ್ಲ ತೆಗೆದು ಒಂದೇ ಹದದ ಶುದ್ಧ ಕನ್ನಡ ಹಾಕಿದರೆ ಎಲ್ಲರ ಮೈಮೇಲೂ ಒಂದೇ ಅಳತೆಯ ಅಂಗಿ ಬಂದಂತಾಗುತ್ತದೆ. ನಗು ಮೊದಲು ಹೋಗುತ್ತದೆ. ಅದರ ಹಿಂದೆಯೇ ನಾಟಕವೂ ಹೋಗುತ್ತದೆ. ಕೆರಗೋಡಿನ ಹುಡುಗರಿಗೆ ಬೋರನ ಮಾತು ಕಷ್ಟವಾಗದು. ಅದು ಅವರ ಅಜ್ಜಂದಿರ ಮಾತು. ಕಷ್ಟವಾಗಬಹುದಾದದ್ದು ವಕೀಲನ ಮಾತು. ಈಗ ಮಂಡ್ಯದ ಬಸ್ಸಿನಲ್ಲಿ ಕುಳಿತ ಯಾವ ಹುಡುಗ ತಾನೆ ನಾಲ್ಕು ಇಂಗ್ಲಿಷ್ ಪದ ಸೇರಿಸದೆ ಮಾತನಾಡುತ್ತಾನೆ? ಅಂದು ಕೈಲಾಸಂ ಬೆಂಗಳೂರಿನ ನಾಲ್ಕು ಬೀದಿಗಳಲ್ಲಿ ಕೇಳಿದ್ದನ್ನು ಇಂದು ಇಡೀ ನಾಡೇ ಮಾತನಾಡುತ್ತಿದೆ.

'ಟೊಳ್ಳುಗಟ್ಟಿ' 1918ರ ಕಾಲದ ನಾಟಕ. 'ಮಕ್ಕಳ ಸ್ಕೂಲು ಮನೇಲಲ್ವೇ' ಎಂಬುದು ಅದಕ್ಕೆ ಇನ್ನೊಂದು ಹೆಸರು. ಮನೆಯಲ್ಲಿ ಇಬ್ಬರು ಹುಡುಗರು. ಪುಟ್ಟು ಪುಸ್ತಕದ ಹುಳು. ಪರೀಕ್ಷೆಯಲ್ಲಿ ಮೇಲೆ, ತಂದೆಯ ಕಣ್ಮಣಿ. ಮಾಧು ಪರೀಕ್ಷೆಯಲ್ಲಿ ಹಿಂದೆ, ಮನೆಯ ಕೆಲಸಕ್ಕೆ ಮುಂದೆ. ಮನೆಗೆ ಆಪತ್ತು ಬಂದ ಗಳಿಗೆಯಲ್ಲಿ ಯಾವನು ಟೊಳ್ಳು, ಯಾವನು ಗಟ್ಟಿ ಎಂಬುದು ಬಯಲಾಗುತ್ತದೆ. ಕಥೆ ಇಷ್ಟೇ. ಮೈಸೂರು ವಿಶ್ವವಿದ್ಯಾನಿಲಯ ಆಗಿನ್ನೂ ಎರಡು ವರ್ಷದ ಕೂಸು. ಪದವಿಯ ಹುಚ್ಚು ಆಗತಾನೆ ಮಧ್ಯಮವರ್ಗದ ಮನೆಗಳಿಗೆ ಹತ್ತುತ್ತಿತ್ತು. ಲಂಡನ್ನಿನ ವಿದ್ಯೆ ಕಲಿತು ಬಂದವರೇ ಎದ್ದುನಿಂತು ಆ ಹುಚ್ಚನ್ನು ಗೇಲಿ ಮಾಡಿದರು ಎಂಬುದನ್ನು ನಾವು ನೆನಪಿಡಬೇಕು. ಪರೀಕ್ಷೆಯ ಫಲಿತಾಂಶ ಬಂದ ದಿನ ಮಕ್ಕಳ ಮುಖ ನೋಡಲು ಹೆದರುವ ತಾಯಂದಿರು ಇಂದಿಗೂ ಎಷ್ಟು ಮಂದಿ ಇದ್ದಾರೆಂಬುದು ನಮ್ಮ ಓದುಗರಿಗೆ ತಿಳಿಯದ್ದಲ್ಲ. 'ಪೋಲಿ ಕಿಟ್ಟಿ'ಯಲ್ಲಿಯೂ ಹಿರಿಯರು ಕೈಬಿಟ್ಟ ಹುಡುಗನದೇ ಕಥೆ. ಕೈಲಾಸಂ ಅವರ ಮನಸ್ಸು ಎಂದೂ ಹಿಂದಿನ ಬೆಂಚಿನ ಕಡೆಗೇ.

ನಗೆಗಾರರೆಂದು ಹೆಸರಾದವರ ಒಂದು ಕಷ್ಟವೆಂದರೆ ಅವರು ಅತ್ತದ್ದು ಯಾರಿಗೂ ಕಾಣಿಸುವುದಿಲ್ಲ. 'ಹೋಂ ರೂಲು', 'ಅಮ್ಮಾವ್ರ ಗಂಡ'ಗಳನ್ನು ನೋಡಿ ನಕ್ಕು ಮನೆಗೆ ಹೋದ ಸಭೆಯವರೇ 'ಬಹಿಷ್ಕಾರ'ವನ್ನೂ ನಗಲೆಂದು ನೋಡಲು ಬಂದರೆ ಏನಾಗಬೇಕು? ಆ ನಾಟಕದ ವಸ್ತು, ಮೈನೆರೆದ ಮೇಲೂ ಮದುವೆಯಾಗದ ಮಗಳನ್ನು ಮನೆಯಲ್ಲಿಟ್ಟುಕೊಂಡ ಬ್ರಾಹ್ಮಣ ಗೃಹಸ್ಥನ ಮೇಲೆ ಬಿದ್ದ ಜಾತಿಯ ಬಹಿಷ್ಕಾರ. ಇದರ ಹಿನ್ನೆಲೆ ಸ್ವಲ್ಪ ತಿಳಿದಿರಲಿ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಕೂಡದೆಂದು ಮೈಸೂರು ಸಂಸ್ಥಾನ 1894ರಲ್ಲಿಯೇ ಕಾನೂನು ಮಾಡಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಹೆಣ್ಣಿಗೆ ಹದಿನಾಲ್ಕೆಂದು ಗೊತ್ತುಮಾಡಿತು. ಬೇಗ ಮದುವೆ ಮಾಡಿದರೆ ಸರಕಾರದ ದಂಡ. ತಡ ಮಾಡಿದರೆ ಮಠದ ಮತ್ತು ನೆಂಟರ ದಂಡ. ಇದರ ನಡುವೆ ವರದಕ್ಷಿಣೆಗೆ ಹಣವಿಲ್ಲದ ತಂದೆ. ತಾಳಿ ಕಟ್ಟುವುದಕ್ಕೂ ಕೂಲಿಯೆ ಎಂದು ಒಂದು ನಾಟಕದ ಹೆಸರಿನಲ್ಲಿಯೇ ಕೇಳಿದ ಪ್ರಶ್ನೆ ಇಲ್ಲಿ ನಗೆಯನ್ನು ಕಳಚಿಟ್ಟು ಬರುತ್ತದೆ. 'ಸೂಳೆ' ಎಂಬ ನಾಟಕವನ್ನು ಆ ಹೆಸರಿಟ್ಟೇ ಹೊರತಂದರು. ಹೆಸರು ಕೇಳಿ ಮುಖ ಸಿಂಡರಿಸಿದವರಿಗೆ, ಆ ಹೆಣ್ಣನ್ನು ಅಲ್ಲಿಗೆ ತಂದ ಗಂಡಸರ ಕಡೆಗೂ ಒಮ್ಮೆ ನೋಡಿ ಎಂದು ಹೇಳುವುದಕ್ಕೇ ಅದನ್ನು ರಚಿಸಿದಂತಿದೆ.

ಅವರ ನಾಟಕಗಳೆಲ್ಲ ದೋಷವಿಲ್ಲದವೆಂದು ನಾನು ವಾದಿಸುವುದಿಲ್ಲ. ಎಷ್ಟೋ ಕಡೆ ಕಥೆ ಸಡಿಲ. ಮಾತಿನ ಚಮತ್ಕಾರಕ್ಕೆ ಮನಸೋತು ನಾಟಕ ಮುಂದೆ ಸಾಗುವುದನ್ನೇ ಮರೆಯುತ್ತದೆ. ಓದಿದ ಹೆಂಗಸರನ್ನು ಆಡಿಕೊಳ್ಳುವಾಗ ಅವರ ಕಣ್ಣು ಸ್ವಲ್ಪ ಮಂಜಾಗುತ್ತಿತ್ತೆಂದು ಇಂದಿನ ಓದುಗಿತಿಯರು ಹೇಳಿದರೆ ಅಲ್ಲಗಳೆಯಲಾರೆ. ಇನ್ನು ಇಂಗ್ಲಿಷಿನಲ್ಲಿ ರಚಿಸಿದ ಪೌರಾಣಿಕ ನಾಟಕಗಳು: ಭರತನ ಮೇಲೆ 'ದಿ ಬರ್ಡನ್', ಏಕಲವ್ಯನ ಮೇಲೆ 'ಫುಲ್‌ಫಿಲ್‌ಮೆಂಟ್' ಮತ್ತು 'ಪರ್ಪಸ್', ಹಾಗೆಯೇ ಕರ್ಣನ ಮೇಲೊಂದು. ಅಲ್ಲಿನ ಆಂಗ್ಲಭಾಷೆ ಬಹಳ ಎತ್ತರದ್ದು, ನನ್ನಂಥವನಿಗೆ ಕತ್ತು ನೋಯುವಷ್ಟು. ಆದರೆ ಒಂದು ಸ್ವಾರಸ್ಯ ಗಮನಿಸಿ. ನಗಿಸುವುದಕ್ಕೆ ಕನ್ನಡ, ಗಂಭೀರಕ್ಕೆ ಇಂಗ್ಲಿಷು ಎಂದು ಅವರೇ ಪಾಲು ಮಾಡಿಕೊಂಡಂತೆ ಕಂಡರೂ, ಆರಿಸಿಕೊಂಡವರು ಮತ್ತೆ ಅವರೇ: ಗುರು ಕೈಬಿಟ್ಟ ಬೇಡರ ಹುಡುಗ, ತಾಯಿ ಕೈಬಿಟ್ಟ ಸೂತಪುತ್ರ. ಮಾಧು, ಕಿಟ್ಟಿ, ಏಕಲವ್ಯ, ಕರ್ಣ ಎಲ್ಲರೂ ಒಂದೇ ಬೆಂಚಿನವರು. 'ಕುರುಕ್ಷೇತ್ರ'ದಲ್ಲಿ ಕರ್ಣನ ಪದ್ಯಕ್ಕೆ ಕಣ್ಣೊರೆಸಿಕೊಳ್ಳುವ ಕೆರಗೋಡಿನ ಸಭೆಗೆ ಮಾಧುವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ ಎಂದು ನನ್ನ ಧೈರ್ಯ.

ಆಡಿಸುವವರಿಗೆ ಒಂದು ಸಣ್ಣ ಸಲಹೆ. ಹುಡುಗರ ಕೈಗೆ ಮೊದಲ ದಿನವೇ ಪುಸ್ತಕ ಕೊಡಬೇಡಿ. ಗಟ್ಟಿಯಾಗಿ ಓದಬಲ್ಲ ಒಬ್ಬರು ಇಡೀ ನಾಟಕವನ್ನು ಓದಿಹೇಳಲಿ, ಹುಡುಗರು ಕೇಳಲಿ. ಎರಡು ಮೂರು ಸಲ ಕೇಳಿದ ಮೇಲೆ ಅವರಿಗೆ ಮಾತು ತಾನಾಗಿ ಬಾಯಿಗೆ ಹತ್ತುತ್ತದೆ. ಆ ನಾಟಕ ಹುಟ್ಟಿದ್ದೂ ಹಾಗೆಯೇ ತಾನೆ. ಮತ್ತೆ, ಪ್ರತಿಯೊಂದು ಮಾತಿಗೂ ಸಭೆ ನಗಲೇಬೇಕೆಂದು ಕಾಯಬೇಡಿ. ನಗೆಗಾಗಿ ನಿಂತು ಕಾಯುವ ನಟನನ್ನು ಕಂಡರೆ ಸಭೆಗೆ ನಗು ಬರುವುದಿಲ್ಲ.

1945ರಲ್ಲಿ ಮದರಾಸಿನಲ್ಲಿ ನಡೆದ 29ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರಾದರು. ಮನೆಮಾತು ತಮಿಳು, ಗಂಭೀರ ಬರವಣಿಗೆ ಇಂಗ್ಲಿಷು, ಕನ್ನಡವೆಂದರೆ ಬೆರಕೆ ಕನ್ನಡ. ಇಂಥವರನ್ನು ತಮಿಳುನಾಡಿನ ರಾಜಧಾನಿಯಲ್ಲಿ ಕನ್ನಡದ ಪೀಠದ ಮೇಲೆ ಕೂರಿಸಿದ್ದು ಅವರದೇ ಪ್ರಹಸನದ ಒಂದು ದೃಶ್ಯದಂತೆ ತೋರುತ್ತದೆ. ಮಾರನೆಯ ವರ್ಷ, 1946ರಲ್ಲಿ, ಅವರು ತೀರಿಕೊಂಡರು. 'ಪ್ರಹಸನ ಪಿತಾಮಹ' ಎಂಬ ಬಿರುದೂ 'ಕನ್ನಡಕ್ಕೊಬ್ಬನೇ ಕೈಲಾಸಂ' ಎಂಬ ಮಾತೂ ಉಳಿದವು. ಅವರದೆಂದು ಹೇಳುವ ನೂರಾರು ಚಟಾಕಿಗಳೂ ಉಳಿದವು. ಅವುಗಳಲ್ಲಿ ಅರ್ಧದಷ್ಟನ್ನಾದರೂ ಬೇರೆ ಯಾರೋ ಹೇಳಿ ಇವರ ತಲೆಗೆ ಕಟ್ಟಿರಬೇಕೆಂದು ನನ್ನ ಗುಮಾನಿ.

ಉಳಿಯದೆ ಹೋದದ್ದು ಎಷ್ಟೋ. ಹೇಳಿದ ನಾಟಕವನ್ನು ಆ ಸಂಜೆ ಬರೆದುಕೊಳ್ಳುವವರು ಯಾರೂ ಇಲ್ಲದಿದ್ದರೆ ಅದು ಸಿಗರೇಟಿನ ಹೊಗೆಯ ಜೊತೆಗೇ ಹೋಯಿತು. 'ಕೀಚಕ' ಎಂಬ ಇಂಗ್ಲಿಷ್ ನಾಟಕ ಹೊರಬಂದದ್ದು 1949ರಲ್ಲಿ, ಅವರು ಹೋಗಿ ಮೂರು ವರ್ಷಗಳ ಮೇಲೆ. ಅವರ ಬಾಯಿಂದ ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಬಿ. ಎಸ್. ರಾಮರಾಯರು ಅದನ್ನು ಅಚ್ಚಿಗೆ ತಂದರು. ಮುಂದಿನ ತಲೆಮಾರಿನಲ್ಲಿ ಸಿ. ಆರ್. ಸಿಂಹ, 2014ರಲ್ಲಿ ನಮ್ಮನ್ನಗಲಿದ ನಟರು, 'ಟಿಪಿಕಲ್ ಟಿ. ಪಿ. ಕೈಲಾಸಂ' ಎಂಬ ಪ್ರಯೋಗದಲ್ಲಿ ರಂಗದ ಮೇಲೆ ಒಬ್ಬರೇ ನಿಂತು, ಕೈಲಾಸಂ ಆಗಿ, ಆ ಜನರನ್ನೆಲ್ಲ ಮತ್ತೆ ಒಂದೇ ಗಂಟಲಿನಿಂದ ಕರೆದರು. ಪುಸ್ತಕದಲ್ಲಿ ಅಷ್ಟು ವರ್ಷ ಬಾಯಿಮುಚ್ಚಿಕೊಂಡಿದ್ದ ಬೋರ ಕರೆದ ಕೂಡಲೇ ಓಗೊಟ್ಟು ಬಂದ.